ಸಾಣೆಯವನ ಮನೆಯ ಮೊಂಡು ಕತ್ತಿ

ಮೊಂಡು ಅಲಗನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೆ ಎಲ್ಲರೂ ಪಡಸಾಲೆಯಲ್ಲಿ ಕೂತು ಮಾತಾಡುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರ ಈಳಿಗೆಯನ್ನು ನೋಡುತ್ತಿರುತ್ತೇನೆ. ಟೊಮೆಟೊ ಹಣ್ಣು ಅದರ ಮೇಲೆ ಹೋಳಾಗದೆ ಅಪ್ಪಚ್ಚಿಯಾದರೆ ಆ ಮನೆಯ ಊಟ ನನಗೆ ರುಚಿಸುವುದಿಲ್ಲ. ಒಮ್ಮೆ ಸಂಡೂರಿಗೆ ಹೆಣ್ಣು ನೋಡಲು ಹೋಗಿದ್ದೆವು. ನನಗೇ ಹೆಣ್ಣು. ಹುಡುಗಿ ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಎಲ್ಲರೂ ಅವಳ ಮುಖ ನೋಡುತ್ತಿದ್ದಾಗ ನಾನು ಮಂಡಕ್ಕಿಯೊಳಗಿನ ಈರುಳ್ಳಿ ತುಂಡುಗಳನ್ನು ನೋಡಿ, "ನಿಮ್ಮನ್ಯಾಗ ಚಾಕು ಮೊಂಡಾಗೈತೇನ್ರಿ?" ಎಂದು ಕೇಳಿಬಿಟ್ಟೆ. ಆ ಸಂಬಂಧ ಕೂಡಿಬರಲಿಲ್ಲ. ಚಾಕುವನ್ನು ಮಾತ್ರ ಅವರ ಹಿತ್ತಲ ಕಲ್ಲಿಗೆ ಮಸೆದು ಕೊಟ್ಟು ಬಂದೆ.

ನನ್ನ ಹೆಸರು ಕೊಟ್ರೇಶ. ಹೊಸಪೇಟೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಸಾಣೆ ಅಂಗಡಿ ಇದೆ. ಅಪ್ಪನ ಕಾಲದಲ್ಲಿ ಕಾಲಿನಿಂದ ತುಳಿದು ತಿರುಗಿಸುವ ಚಕ್ರವಿತ್ತು, ಈಗ ಮೋಟರು ತಿರುಗಿಸುತ್ತದೆ. ದರ್ಜಿಗಳ ಕತ್ತರಿ, ಹೋಟೆಲುಗಳ ಚಾಕು, ಕಬ್ಬು ಕಡಿಯುವವರ ಮಚ್ಚು, ಕಂಪ್ಲಿ ಕಡೆಯ ಗದ್ದೆಗಳ ಕುಡುಗೋಲು, ಎಲ್ಲವೂ ನನ್ನ ಕಲ್ಲಿನ ಮುಂದೆ ಬಂದು ಹೋಗುತ್ತವೆ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ಬರೆಯುವ ರೂಢಿ ಎಂದರೆ ಚೀಟಿಯಲ್ಲಿ ಗಿರಾಕಿಯ ಹೆಸರು ಬರೆದು ಕತ್ತರಿಗೆ ಕಟ್ಟುವುದು, ಅಷ್ಟೇ. ಇಲ್ಲಿ ಅಕ್ಷರದ ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ. ಅದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳಿಕೊಳ್ಳಲೆಂದೇ ಕೂತಿದ್ದೇನೆ. ಅದು ಒಂದು ಕತ್ತಿಯ ವಿಷಯ, ನನ್ನ ತಂಗಿಯ ವಿಷಯ.

ಕತ್ತಿ ಎಂದೊಡನೆ ನಿಮಗೆ ಹಂಪಿ ನೆನಪಾದರೆ ಅದು ನಿಮ್ಮ ತಪ್ಪಲ್ಲ. ನಮ್ಮ ಕಡೆ ಈಗ ರಾಜರ ಕಾಲಕ್ಕಿಂತ ಹೆಚ್ಚು ಕತ್ತಿಗಳಿವೆ ಎಂದು ನನಗೆ ಅನುಮಾನ. ಚಳಿಗಾಲ ಬಂತೆಂದರೆ ಮದುವೆಗೆ ಮೊದಲೇ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಹಂಪಿಗೆ ಬರುತ್ತವೆ. ಹುಡುಗನ ಕೈಯಲ್ಲಿ ಬೆಳ್ಳಿ ಬಣ್ಣ ಬಳಿದ ರಟ್ಟಿನ ಕತ್ತಿ, ಹುಡುಗಿಯ ಕಣ್ಣಿಗೆ ತಂಪು ಕನ್ನಡಕ. ಸಭೆಗಳಲ್ಲಿ ಮುಖಂಡರ ತಲೆಗೆ ಪೇಟ ಸುತ್ತಿ ಕೈಗೊಂದು ಕತ್ತಿ ಕೊಡುತ್ತಾರೆ. ಅವರು ಅದನ್ನು ಎತ್ತಿ ಹಿಡಿದ ಕೂಡಲೇ ಪಕ್ಕದಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ, ಅದನ್ನು ಮೊಬೈಲಿನಲ್ಲಿ ಹಾಕಿ, ಮಾರನೆಯ ದಿನ ಪೊಲೀಸ್ ಠಾಣೆಯಲ್ಲಿ ಕೈಕಟ್ಟಿ ನಿಲ್ಲುವ ಶೂರರೂ ಇದ್ದಾರೆ. ಅಂಥವನೊಬ್ಬ ತನ್ನ ಹುಟ್ಟುಹಬ್ಬದ ಹಿಂದಿನ ದಿನ ನನ್ನ ಅಂಗಡಿಗೂ ಬಂದಿದ್ದ. "ಕೇಕ್ ಕತ್ತರಿಸಾಕ ಸಾಣಿ ಬ್ಯಾಡಪಾ, ಅದು ಮೆತ್ತಗಿರತೈತಿ," ಎಂದು ಕಳಿಸಿದೆ. ಸಿನಿಮಾದ ಕತ್ತಿಗಳ ಮಾತು ಕೇಳಲೇಬೇಡಿ. ಅವು ತಾಗಿದಾಗಲೆಲ್ಲ ಕಿಡಿ ಹಾರುತ್ತದೆ. ದಿನವೆಲ್ಲ ಕಿಡಿ ಹಾರಿಸುವ ನಾನು ಹೇಳುತ್ತೇನೆ, ಕಲ್ಲಿಗೆ ಹಿಡಿದಾಗ ಹಾರುವಷ್ಟು ಕಿಡಿ ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಹಾರುವುದಿಲ್ಲ.

ನಿಜವಾದ ಕತ್ತಿವರಸೆ ಹೇಗಿತ್ತು ಎಂದು ನೋಡಬೇಕೆಂದರೆ ಮಹಾನವಮಿ ದಿಬ್ಬದ ಗೋಡೆಗೆ ಹೋಗಬೇಕು. ಕುದುರೆ, ಆನೆ, ಮಲ್ಲರ ಸಾಲಿನ ನಡುವೆ ಕತ್ತಿ ಹಿಡಿದವರೂ ಇದ್ದಾರೆ. ಸಂಡೂರು ಸೀಮೆಯಲ್ಲಿ, ಚೋರನೂರಿನ ದಾರಿಯಲ್ಲಿ, ಹೊಲದ ಬದುವಿಗೆ ಒರಗಿದ ವೀರಗಲ್ಲುಗಳಲ್ಲೂ ಇದ್ದಾರೆ. ಒಮ್ಮೆ ಅಂಥ ಕಲ್ಲೊಂದರ ಮುಂದೆ ಕೂತು ವೀರನ ಕತ್ತಿಯ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದೆ. ಮಳೆ ಗಾಳಿಗೆ ಸವೆದು ಪೂರಾ ಮೊಂಡಾಗಿತ್ತು. ನನ್ನ ಚಟ ಎಲ್ಲಿಗೆ ಮುಟ್ಟಿದೆ ಎಂದು ಇದರಿಂದ ತಿಳಿಯಬಹುದು.

ನನ್ನ ತಂಗಿ ನೀಲಾ ಸಂಡೂರಿನ ಒಂದು ಶಾಲೆಯಲ್ಲಿ ಆಟದ ಟೀಚರು. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಾನು ಬಿಟ್ಟ ಓದನ್ನು ಅವಳು ಮುಗಿಸಿದಳು. ನನಗಿಂತ ಒಂಬತ್ತು ವರ್ಷ ಚಿಕ್ಕವಳು, ನನಗಿಂತ ಅರ್ಧ ಅಡಿ ಎತ್ತರ. ನಾಲ್ಕು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದಾಗ ಹೊಳೆದಂಡೆಯ ಬಂಡೆಯ ಮೇಲೆ ಬಿಳಿಯ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಉದ್ದನೆಯ ಕತ್ತಿ ಹಿಡಿದು ಮೆಲ್ಲಗೆ ಬೀಸುತ್ತಿದ್ದಳಂತೆ. ಮಕ್ಕಳು ಶೂಟಿಂಗ್ ಎಂದುಕೊಂಡು ಕ್ಯಾಮೆರಾ ಹುಡುಕಿದವು. ನೀಲಾ ಹತ್ತಿರ ಹೋಗಿ ಕೇಳಿದಳು. ಆಕೆ ಮಾರ್ತಾ, ಪೋಲೆಂಡ್ ದೇಶದವಳು. ನೀಲಾಳ ಇಂಗ್ಲಿಷ್ ಅಷ್ಟಕ್ಕಷ್ಟೇ, ಮಾರ್ತಾಳ ಇಂಗ್ಲಿಷೂ ಅಷ್ಟಕ್ಕಷ್ಟೇ. ಹಾಗಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಯಿತು.

ಮಾರ್ತಾ ಮೂರು ಚಳಿಗಾಲ ಹಂಪಿಗೆ ಬಂದಳು. ಮೂರು ಚಳಿಗಾಲವೂ ನೀಲಾ ಭಾನುವಾರ ಬೆಳಗಾದರೆ ಅಲ್ಲಿರುತ್ತಿದ್ದಳು. ನಾನು ಇದನ್ನೆಲ್ಲ ಅವಳ ಬಾಯಿಂದ ಕೇಳಿ ಕಲಿತದ್ದು: ಯೂರೋಪಿನಲ್ಲಿ ಐದಾರು ನೂರು ವರ್ಷದ ಹಿಂದೆ ಕತ್ತಿ ಕಲಿಸುವ ಗುರುಗಳು ತಮ್ಮ ವಿದ್ಯೆಯನ್ನು ಚಿತ್ರ ಸಮೇತ ಪುಸ್ತಕಗಳಲ್ಲಿ ಬರೆದಿಟ್ಟರಂತೆ. ಆಮೇಲೆ ಬಂದೂಕು ಬಂತು, ಕತ್ತಿ ಗೋಡೆಗೆ ಹೋಯಿತು, ಗುರುಗಳ ಸಾಲು ಮುರಿಯಿತು. ಈಗಿನವರು ಆ ಪುಸ್ತಕಗಳನ್ನು ಹೊರಗೆ ತೆಗೆದು, ಇಲ್ಲಿ ಕಾಲು ಎಲ್ಲಿಡಬೇಕು, ಈ ಚಿತ್ರದಿಂದ ಆ ಚಿತ್ರಕ್ಕೆ ಕೈ ಹೇಗೆ ಬರಬೇಕು ಎಂದು ತಕರಾರು ಮಾಡುತ್ತ, ಬಿದ್ದು ಎದ್ದು ಕಲಿಯುತ್ತಿದ್ದಾರೆ. ಅವರಿಗೆ ಪುಸ್ತಕ ಉಳಿಯಿತು, ಗುರು ಉಳಿಯಲಿಲ್ಲ. ನನಗಾದದ್ದು ಇದರ ಉಲ್ಟಾ. ಗುರುವಾಗಿ ಅಪ್ಪ ಇದ್ದ, ಪುಸ್ತಕ ಇರಲಿಲ್ಲ. ಅಪ್ಪ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ನಂಬಿದೆ. ಪುಸ್ತಕವಾದರೆ ತಕರಾರಾದರೂ ಮಾಡಬಹುದಿತ್ತು.

ಊರಿನವರು ಸುಮ್ಮನಿರುತ್ತಾರೆಯೇ? "ನಮ್ಮ ಕತ್ತಿವರಸಿ ಬಿಟ್ಟು ಪರದೇಶದೋರದ್ದು ಯಾಕವ್ವಾ?" ಎಂದು ಸೋದರಮಾವ ಒಮ್ಮೆ ನೀಲಾಳನ್ನು ಕೇಳಿದರು.

"ನಮ್ದು ಕಲಿಸೋರು ಯಾರರ ಇದ್ರ ಹೇಳು ಮಾವಾ, ನಾಳೆನ ಹೋಗ್ತೀನಿ. ಗ್ವಾಡಿ ಮ್ಯಾಲೆ ಕೆತ್ತಿದೋರು ಕೆಳಗ ಇಳಿದು ಬಂದು ಕಲಿಸ್ತಾರೇನು?" ಎಂದಳು. ಮಾವ ಚಹಾ ಕುಡಿದು ಹೋದರು.

ಮೂರನೆಯ ಚಳಿಗಾಲದ ಕೊನೆಗೆ ಮಾರ್ತಾ, ಇನ್ನು ಬರುವುದು ಕಷ್ಟ ಎಂದು ಹೇಳಿ, ತನ್ನ ಕತ್ತಿಯನ್ನು ನೀಲಾಳಿಗೇ ಕೊಟ್ಟು ಹೋದಳು. ಆ ಕತ್ತಿ ನಮ್ಮ ಮನೆಗೆ ಬಂದ ದಿನ ನಾನು ಅದನ್ನು ಚೀಲದಿಂದ ತೆಗೆದು, ರೂಢಿಯಂತೆ ಹೆಬ್ಬೆರಳು ಆಡಿಸಿದೆ. ಅಲಗು ನಾಣ್ಯದ ಅಂಚಿನಷ್ಟು ದಪ್ಪ. ತುದಿಯಲ್ಲಿ ಮೊನೆಯೇ ಇಲ್ಲ, ಚಪ್ಪಟೆಯಾಗಿ ಹೊರಳಿಸಿಬಿಟ್ಟಿದ್ದಾರೆ. ಅವ್ವ ಅದರಿಂದ ಬದನೆಕಾಯಿ ಹೆಚ್ಚಲು ನೋಡಿದಳು. ಬದನೆಕಾಯಿ ಉರುಳಿ ಒಲೆಯ ಕೆಳಗೆ ಹೋಯಿತು. "ಇದನ್ನ ತಗೊಂಡು ಯುದ್ಧಕ್ಕ ಹೋಗಿದ್ರೇನು ಅವ್ರು?" ಎಂದು ಅವ್ವ ನಕ್ಕಳು.

ನೀಲಾ ನಮ್ಮಿಬ್ಬರನ್ನೂ ಕೂರಿಸಿ ಹೇಳಿದಳು. ಇದು ಕಲಿಯುವ ಕತ್ತಿ. ಮೊಂಡಾಗಿರುವುದೇ ಇದರ ಗುಣ. ಎದುರಿಗೆ ನಿಂತವರು ಗೆಳೆಯರು. ಜಾಲರಿಯ ಮುಖವಾಡ, ದಪ್ಪ ಅಂಗಿ ಹಾಕಿಕೊಂಡು ನಿಲ್ಲುತ್ತಾರೆ. ಚುಚ್ಚಿದರೆ ಅಲಗು ಬಿಲ್ಲಿನ ಹಾಗೆ ಬಾಗಬೇಕು, ಹೊಡೆದರೆ ಬಾಸುಂಡೆ ಬರಬಹುದೇ ಹೊರತು ರಕ್ತ ಬರಬಾರದು. ನನಗೆ ಎಲ್ಲವೂ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ, ಕೈ ಒಪ್ಪುವುದು ಬೇರೆ. ನೀಲಾ ಆಡಲು ಒಯ್ಯುವ ಹೊತ್ತು ಬಿಟ್ಟರೆ ಆ ಕತ್ತಿ ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದೂವರೆ ವರ್ಷ ನಿಂತಿತ್ತು. ದಿನಾ ಅದರ ಮುಂದೆ ಹಾದು ಅಂಗಡಿಗೆ ಹೋಗುತ್ತಿದ್ದೆ. ಗಿರಾಕಿಗಳಿಗೆ ವಿಷಯ ತಿಳಿದು, "ಊರ ಚಾಕು ಮಸಿಯೋನ ತಂಗಿ ಮೊಂಡು ಕತ್ತಿ ಬೀಸ್ತಾಳಂತಲ್ಲೋ ಕೊಟ್ರಾ," ಎಂದು ಛೇಡಿಸುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಏನೋ ಕೊರೆಯುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನೀಲಾ ಕಂಪ್ಲಿಯಲ್ಲಿ ಆರು ಜನರ ಗುಂಪು ಕಟ್ಟಿಕೊಂಡಿದ್ದಳು. ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿರುವ ವಿರೂಪಾಕ್ಷಿ ಅವರಲ್ಲಿ ಮುಖ್ಯ. ಭತ್ತ ಒಣಗಿಸುವ ಗಿರಣಿಯ ಸಿಮೆಂಟಿನ ಅಂಗಳವೇ ಅವರ ಗರಡಿ. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಅವರ ಆಟ. ಒಂಬತ್ತಕ್ಕೆ ಕೂಲಿಯವರು ಬಂದು ಭತ್ತ ಹರವುತ್ತಾರೆ. ಕಳೆದ ದಸರೆಯ ಬೆನ್ನಿಗೆ ಗೋವಾದಲ್ಲಿ ಈ ವಿದ್ಯೆಯವರ ಪಂದ್ಯವಿತ್ತು. ಬೇರೆ ಬೇರೆ ಊರುಗಳಿಂದ ಬರುವವರಿದ್ದರು. ಕಂಪ್ಲಿಯ ಗುಂಪಿನಿಂದ ಹೋಗುವವಳು ನೀಲಾ ಒಬ್ಬಳೇ. ಆರು ತಿಂಗಳು ಬೇರೆ ಮಾತೇ ಇರಲಿಲ್ಲ. ರೊಟ್ಟಿ ಬಡಿಯುವಾಗಲೂ ಅವಳ ಕಾಲು ಹೆಜ್ಜೆ ಹಾಕುತ್ತಿತ್ತು.

ಇನ್ನು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮಹಾನವಮಿಯ ದಿನ ಆಯುಧ ಪೂಜೆ ಎಲ್ಲರ ಮನೆಯಲ್ಲೂ ಇದೆ. ಆದರೆ ಸಾಣೆಯವರ ಮನೆಯಲ್ಲಿ ಅದಕ್ಕೊಂದು ಕಟ್ಟಳೆ ಉಂಟು. ಹಬ್ಬಕ್ಕೆ ಎಂಟು ದಿನ ಮುಂಚೆ ಊರ ಹತ್ಯಾರಗಳೆಲ್ಲ ಅಂಗಡಿಗೆ ಬರುತ್ತವೆ. ಅವನ್ನೆಲ್ಲ ಮುಗಿಸಿ, ಕೊನೆಗೆ ಮನೆಯ ಈಳಿಗೆ, ಕತ್ತರಿ, ಚಾಕುಗಳನ್ನು ಮಸೆದು, ಆಮೇಲೆ ಪೂಜೆಗೆ ಇಡಬೇಕು. "ಮೊಂಡು ಹತ್ಯಾರ ದೇವರ ಮುಂದ ಇಟ್ರ, ನಮ್ಮ ಕಸುಬು ನಾವ ಹಳಿದಂಗ," ಎನ್ನುತ್ತಿದ್ದ ಅಪ್ಪ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ನಾನು ಒಂದು ವರ್ಷವೂ ತಪ್ಪಿಸಿಲ್ಲ.

ಕಳೆದ ಮಹಾನವಮಿಯ ದಿನ ನೀಲಾ ಬೆಳಿಗ್ಗೆ ಕತ್ತಿಯನ್ನು ಚೀಲ ಸಮೇತ ಪೂಜೆಯ ಮಣೆಯ ಮೇಲೆ ಇಟ್ಟು, "ಅಣ್ಣಾ, ನಂದೂ ಪೂಜಾ ಮಾಡು," ಎಂದು ಹೇಳಿ ಶಾಲೆಯ ಪೂಜೆಗೆ ಸಂಡೂರಿಗೆ ಹೋದಳು. ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ನಾನು ಕತ್ತಿಯನ್ನು ತೆಗೆದುಕೊಂಡು ಅಂಗಡಿಗೆ ಹೋದೆ.

ಯಾಕೆ ಎಂದು ನೀವು ಕೇಳಿದರೆ, ಪದ್ಧತಿ ಎಂದು ಹೇಳಬಹುದು. ತಂಗಿಯ ಮೇಲಿನ ಪ್ರೀತಿ ಎಂದೂ ಹೇಳಬಹುದು. ಗೋವಾಕ್ಕೆ ಹೋಗುವವಳು ಒಳ್ಳೆಯ ಹತ್ಯಾರ ಹಿಡಿದು ಹೋಗಲಿ ಎಂದು ಆ ಹೊತ್ತಿಗೆ ನನಗೆ ನಾನೇ ಹೇಳಿಕೊಂಡೆ ಕೂಡ. ನಾಲ್ಕು ತಿಂಗಳು ಯೋಚಿಸಿದ ಮೇಲೆ ಉಳಿದದ್ದು ಇದು: ನನ್ನ ಮನೆಯೊಳಗೆ ನನ್ನ ಕೈ ಬೇಡ ಎನ್ನುವ ಅಲಗೊಂದು ಒಂದೂವರೆ ವರ್ಷ ನಿಂತಿತ್ತು. ಅದನ್ನು ನನಗೆ ಸಹಿಸಲಾಗಲಿಲ್ಲ. ಮೊಂಡಾಗಿರುವುದೇ ಗುಣ ಎಂದು ನೀಲಾ ಸ್ಪಷ್ಟವಾಗಿ ಹೇಳಿದ್ದಳು. ಮರೆತೆ ಎಂದರೆ ಸುಳ್ಳಾಗುತ್ತದೆ.

ಎರಡು ಗಂಟೆ ಹಿಡಿಯಿತು. ಉಕ್ಕು ಬಿಸಿಯಾಗಿ ಹದ ಕೆಡಬಾರದೆಂದು ನೀರು ಬಿಡುತ್ತ, ಎರಡೂ ಬದಿಗೆ, ಹಿಡಿಯ ಹತ್ತಿರದಿಂದ ತುದಿಯವರೆಗೆ ಅಲಗು ಎಬ್ಬಿಸಿದೆ. ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ನಾನು ಮಾಡಿರಲಿಲ್ಲ, ಅದೂ ನಿಜ. ಮುಂಗೈ ಕೂದಲಿನ ಮೇಲೆ ಹಿಡಿದು ನೋಡಿದೆ. ಗಾಳಿಗೆ ಉದುರಿದಂತೆ ಉದುರಿತು. ಒರೆಸಿ, ಚೀಲಕ್ಕೆ ಹಾಕಿ, ಮಣೆಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕಿದೆ. ಮಾರನೆಯ ದಿನ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ, ಚೀಲ ಬಿಚ್ಚದೆ ಹೆಗಲಿಗೇರಿಸಿಕೊಂಡು ನೀಲಾ ಗೋವಾ ರೈಲು ಹತ್ತಿದಳು. ಪೂಜೆಗಿಟ್ಟದ್ದನ್ನು ಪಂದ್ಯದ ಅಂಗಳದಲ್ಲೇ ಬಿಚ್ಚುತ್ತೇನೆ ಎಂದಳು. ನಾನು ಆಗಲೂ ಹೇಳಲಿಲ್ಲ. ಅಲ್ಲಿ ಬಿಚ್ಚಿ ನೋಡಿ ಹಿಗ್ಗುತ್ತಾಳೆ ಎಂದುಕೊಂಡೆ. ಇಷ್ಟು ಪೆದ್ದರು ಇರುತ್ತಾರೆಯೇ ಎಂದು ನಿಮಗೆ ಅನ್ನಿಸಬಹುದು. ಸಾಣೆ ಹಿಡಿಯುವವರಲ್ಲಿ ಇರುತ್ತಾರೆ.

ಪಂದ್ಯಕ್ಕೆ ಮೊದಲು ಎಲ್ಲರ ಕತ್ತಿಗಳನ್ನೂ ರೆಫರಿ ಕೈಯಾಡಿಸಿ ನೋಡುವುದು ಅವರಲ್ಲಿ ನಿಯಮ. ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಫೋನು ಬಡಿದುಕೊಂಡಿತು. ಎದುರಿಗೆ ಹೋಟೆಲಿನ ಭಟ್ಟರೊಬ್ಬರು ತಮ್ಮ ಚಾಕುಗಳಿಗಾಗಿ ಕಾಯುತ್ತ ಕೂತಿದ್ದರು.

"ಅಣ್ಣಾ, ಫೋನು ಸ್ಪೀಕರ್‌ನ್ಯಾಗ ಇಟ್ಟೀನಿ," ಎಂದಳು ನೀಲಾ. ದನಿ ಸಣ್ಣದಾಗಿತ್ತು. "ಇಲ್ಲಿ ರೆಫರಿ ಬೆಳಗಾವಿಯೋರು, ಕನ್ನಡ ತಿಳಿತೈತಿ. ನನ್ನ ಕತ್ತಿಗೆ ಅಲಗು ಬಂದೈತಿ ಅಣ್ಣಾ. ನಾನ ಮಾಡಿಸ್ಕೊಂಡು ಬಂದೀನಿ ಅಂತಾರ. ನೀ ಏನರ ಮುಟ್ಟಿದ್ದೇನು?"

ಅಷ್ಟೇ ಪ್ರಶ್ನೆ. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಭಟ್ಟರು ಕಿವಿ ನಿಮಿರಿಸಿ ಕೂತಿದ್ದರು. ಆ ಕಡೆ ಪರಊರಿನ ದೊಡ್ಡ ಮನುಷ್ಯರು. ಏನೋ ಅಪರಾಧವಾಗಿದೆ, ಪೊಲೀಸರ ತನಕ ಹೋಗುತ್ತದೋ ಏನೋ ಎಂಬ ದಿಗಿಲು. ನನ್ನ ಬಾಯಿಂದ, "ಇಲ್ಲವಾ, ನಾ ಯಾಕ ಮುಟ್ಟಲಿ?" ಎಂದು ಬಂದುಬಿಟ್ಟಿತು.

ನೀಲಾ, "ಸರಿ ಅಣ್ಣಾ," ಎಂದಳು. ಭಟ್ಟರ ಚಾಕುವನ್ನು ಆ ದಿನ ಎರಡು ಸಲ ಕೆಡಿಸಿದೆ.

ಅವಳನ್ನು ಪಂದ್ಯಕ್ಕೆ ಬಿಡಲಿಲ್ಲ. ಬೇರೆಯವರ ಕತ್ತಿ ತೆಗೆದುಕೊಂಡು ಆಡಲೂ ಬಿಡಲಿಲ್ಲ. ಗೆಳೆಯರ ನಡುವೆ ಹರಿತವಾದದ್ದನ್ನು ತಂದವರು ಒಂದು ವರ್ಷ ಉಕ್ಕಿನ ಕತ್ತಿ ಹಿಡಿಯುವಂತಿಲ್ಲ ಎಂದು ತೀರ್ಮಾನಿಸಿ ಕಂಪ್ಲಿಯ ಗುಂಪಿಗೂ ತಿಳಿಸಿದರು. ಸೋಮವಾರ ಮನೆಗೆ ಬಂದ ನೀಲಾ ಚೀಲವನ್ನು ಅಟ್ಟಕ್ಕೆ ಎತ್ತಿಟ್ಟು, ಕೈಕಾಲು ತೊಳೆದು, ಅವ್ವನಿಗೆ ಗೋಡಂಬಿ ಕೊಟ್ಟು, ನನಗೆ ಊಟಕ್ಕೆ ಬಡಿಸಿದಳು. ಒಂದು ಮಾತು ಕೇಳಲಿಲ್ಲ. ಕೇಳುವುದೇನಿತ್ತು? ನನ್ನ ಕೈಯ ಅಲಗನ್ನು ಹೊಸಪೇಟೆಯ ಅರ್ಧ ಊರು ಗುರುತು ಹಿಡಿಯುತ್ತದೆ. ಬೆನ್ನಿಗೇ ಬೆಳೆದ ತಂಗಿಗೆ ಗೊತ್ತಾಗದೇ ಇರುತ್ತದೆಯೇ? ಅವಳು ಫೋನಿನಲ್ಲಿ ಕೇಳಿದ್ದು ತಿಳಿಯಲಿಕ್ಕಲ್ಲ. ರೆಫರಿಗೆ ನನ್ನ ಬಾಯಿಂದ ಕೇಳಿಸಲಿಕ್ಕೆ. ನಾನು ಅಣ್ಣನಾಗಿ ಅವಳ ಪಕ್ಕ ನಿಲ್ಲುವ ಬದಲು, ಅಷ್ಟು ಜನರ ನಡುವೆ ಅವಳನ್ನು ಸುಳ್ಳಿಯನ್ನಾಗಿ ಮಾಡಿ ಕೂತಿದ್ದೆ.

ಮೊದಲು ಶಾಲೆಯ ಕತ್ತರಿಗಳನ್ನೂ, ತನ್ನ ಉಗುರು ಕತ್ತರಿಯನ್ನೂ ಅವಳು ನನ್ನ ಮುಂದೆ ತಂದಿಡುತ್ತಿದ್ದಳು. ಈಗ ನಿಲ್ಲಿಸಿದಳು. ಈಳಿಗೆ ಮೊಂಡಾಯಿತು. ಅದರ ಮೇಲೇ ಈರುಳ್ಳಿಯನ್ನು ಜಗ್ಗಿ ಜಗ್ಗಿ ಹೆಚ್ಚುತ್ತಿದ್ದಳು, ಕೊಡು ಎನ್ನಲಿಲ್ಲ. ನಾನಾಗಿ ತೆಗೆದುಕೊಳ್ಳಲು ಹೋದರೆ, "ಇರ್ಲಿ ಬಿಡಣ್ಣಾ, ಆಕೈತಿ," ಎನ್ನುತ್ತಿದ್ದಳು. ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು. ಅಣ್ಣ ತಂಗಿಯರ ಜಗಳಕ್ಕೆ ಒಂದು ಕೊನೆ ಇರುತ್ತದೆ. ಈ ಮರ್ಯಾದೆಗೆ ಕೊನೆಯೇ ಕಾಣಲಿಲ್ಲ.

ಒಂದು ದಿನ ಅವಳು ಶಾಲೆಗೆ ಹೋದಾಗ ಕತ್ತಿಯನ್ನು ಅಟ್ಟದಿಂದ ಇಳಿಸಿ, ಮತ್ತೆ ಮೊಂಡು ಮಾಡಿದರಾಯಿತು ಎಂದು ಅರ ಹಿಡಿದು ಕೂತೆ. ನಲವತ್ತು ವರ್ಷದ ಬದುಕಿನಲ್ಲಿ ಆ ಕೆಲಸ ಮಾಡಿರಲಿಲ್ಲ. ನಾಲ್ಕು ಬೆರಳು ಉದ್ದ ಉಜ್ಜುವುದರೊಳಗೆ ವಿಷಯ ತಿಳಿಯಿತು. ಅಂಚನ್ನು ಉರುಟು ಮಾಡಬಹುದು, ಕತ್ತರಿಸದ ಹಾಗೆ ಮಾಡಬಹುದು. ಆದರೆ ನಾಣ್ಯದಷ್ಟು ಇದ್ದ ದಪ್ಪ ಎಲ್ಲಿಂದ ಬರಬೇಕು? ಅಷ್ಟು ತೆಳುವಾದ ಅಂಚು ಇನ್ನೊಂದು ಕತ್ತಿಗೆ ತಾಗಿದರೆ ಗರಗಸದ ಹಾಗೆ ಹಲ್ಲು ಬೀಳುತ್ತದೆ, ಆ ಹಲ್ಲು ಎದುರಿನವರನ್ನು ಗೀರುತ್ತದೆ. ಸಾಣೆ ಎನ್ನುವುದು ಬರೀ ತೆಗೆಯುವ ಕೆಲಸ, ಹಾಕುವ ಕೆಲಸವಲ್ಲ. ಇದು ನನಗೆ ಹನ್ನೆರಡನೆಯ ವಯಸ್ಸಿನಿಂದ ಗೊತ್ತಿದ್ದ ಮಾತು. ನನ್ನ ಕಲ್ಲಿನ ಕೆಳಗೆ ದಿನಾ ಬೀಳುವ ಕಪ್ಪು ಪುಡಿಯೇನು ಎಂದು ಆ ದಿನವೇ ಮೊದಲ ಸಲ ಯೋಚಿಸಿದೆ. ಕತ್ತಿಯನ್ನು ಒರೆಸಿ ಅಟ್ಟಕ್ಕೆ ಹಾಕಿದೆ.

ಶಿವರಾತ್ರಿ ಮುಗಿದ ಮೇಲೆ ವಿರೂಪಾಕ್ಷಿ ಗಿರಣಿಯ ಚೀಲ ಕೊಯ್ಯುವ ಚಾಕುಗಳನ್ನು ತೆಗೆದುಕೊಂಡು ಅಂಗಡಿಗೆ ಬಂದ. ಭಾನುವಾರ ಬೆಳಗಾದರೆ ನೀಲಾ ಇನ್ನೂ ಕಂಪ್ಲಿಯ ಬಸ್ಸು ಹತ್ತುತ್ತಿದ್ದಳು. ಹಾಗಾಗಿ ಅಲ್ಲಿ ಎಲ್ಲ ಮೊದಲಿನಂತಿದೆ ಎಂದೇ ನಾನು ತಿಳಿದಿದ್ದೆ.

"ಆಟ ಹೆಂಗ ನಡದೈತಪಾ?" ಎಂದು ಕೇಳಿದೆ.

"ನಡದೈತ್ರಿ. ನೀಲಕ್ಕ ಮೂಲ್ಯಾಗ ನಿಂತು ಹೆಜ್ಜಿ ಎಣಿಸ್ತಾರ. ಕಬ್ಬಿಣ ಮುಟ್ಟಂಗಿಲ್ಲಲ್ರಿ."

"ನೀವೂ ನಂಬಿಲ್ಲೇನು ಅಕೀನ್ನ?"

ಅವನು ಚಾಕುವಿನ ಹಿಡಿ ನೋಡುತ್ತ ಕೂತ. "ನಂಬೀವ್ರಿ. ಆದ್ರ ಮುಖವಾಡ ಹಾಕ್ಕೊಂಡು ಎದುರಿಗೆ ನಿಲ್ಲಬೇಕಂದ್ರ ಎದಿ ಝಲ್ ಅಂತೈತಿ. ಯಾರು ಅಲಗು ಹಚ್ಚಿದ್ರು ಅಂತ ಕೇಳಿದ್ರ ಹೇಳಂಗಿಲ್ಲ ಅವ್ರು. ನಮ್ಮಣ್ಣ ಅಂತ ಒಂದ ಸಲ ಅಂದಿದ್ರ ಮುಗದ ಹೋಗ್ತಿತ್ತು." ಹೀಗೆಂದವನು ನನ್ನ ಮುಖವನ್ನು ನೋಡಿ, ನೋಡಬಾರದ್ದನ್ನು ನೋಡಿದವನಂತೆ ತಲೆ ತಗ್ಗಿಸಿದ.

ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೇಳದೆ ನಾಲ್ಕು ತಿಂಗಳು ಮೂಲೆಯಲ್ಲಿ ನಿಂತಳು. ಅಣ್ಣ ಇಲ್ಲ ಎಂದ ಮೇಲೆ ಅವನು ಸುಳ್ಳುಗಾರ ಎಂದು ಹೊರಗಿನವರ ಮುಂದೆ ಹೇಳಲು ಅವಳಿಗೆ ಆಗಲಿಲ್ಲ. ನನಗೆ ಆದದ್ದು ಅವಳಿಗೆ ಆಗಲಿಲ್ಲ.

ಆ ಭಾನುವಾರ ಅವಳು ಹೊರಟ ಮೇಲೆ ನಾನೂ ಮುಂದಿನ ಬಸ್ಸಿಗೆ ಕಂಪ್ಲಿಗೆ ಹೋದೆ. ಗಿರಣಿಯ ಗೋಡೆಯ ಪಕ್ಕ ನಿಂತು ಮೊದಲ ಸಲ ಅವರ ಆಟ ನೋಡಿದೆ. ಇಬ್ಬರು ಮುಖವಾಡ ಹಾಕಿಕೊಂಡು ಎದುರುಬದುರು ನಿಂತಿದ್ದರು. ಕಿಡಿ ಹಾರಲಿಲ್ಲ, ಕೂಗಾಟವೂ ಇರಲಿಲ್ಲ. ಸುತ್ತಿದರು, ಕಾದರು, ಒಂದು ಸಲ ಟಣ್ ಎಂದಿತು. ಅಷ್ಟರಲ್ಲಿ ಒಬ್ಬ ಎಡಗೈ ಎತ್ತಿ ನಿಂತುಬಿಟ್ಟ. ಯಾಕೆ ನಿಂತ ಎಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತವನನ್ನು ಕೇಳಿದೆ. "ಏಟು ಬಿತ್ತಲ್ರಿ ಅವಂಗ," ಎಂದ. "ನೀವು ನೋಡಿದ್ರೇನು?" "ಇಲ್ರಿ, ಯಾರೂ ನೋಡಿಲ್ಲ. ತೋಳಿನ ಅಡ್ಯಾಗ ಬಿದ್ದೈತಿ. ಏಟು ಬಿದ್ದೋರ ತಾವ ಕೈ ಎತ್ತಬೇಕ್ರಿ. ಅವ್ರಿಗೇ ತಾನ ಗೊತ್ತಿರೋದು?"

ನೀಲಾ ಆ ಕಡೆಯ ಮೂಲೆಯಲ್ಲಿ, ಕೈಕಟ್ಟಿಕೊಂಡು, ನನ್ನನ್ನು ನೋಡಿಯೂ ನೋಡದಂತೆ ಹೆಜ್ಜೆ ಎಣಿಸುತ್ತಿದ್ದಳು. ಅಂಗಳದ ನಡುವೆ ಹೋಗಿ ನಿಂತೆ. ಆಡುತ್ತಿದ್ದವರು ನಿಲ್ಲಿಸಿದರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗ ಒಮ್ಮೆಯೂ ಎತ್ತದ ಕೈಯನ್ನು ಎತ್ತಿದೆ.

"ಆ ಕತ್ತಿಗೆ ಅಲಗು ಹಚ್ಚಿದೋನು ನಾನು. ಅಕಿಗೆ ಹೇಳದ ಹಚ್ಚಿದೆ. ಗೋವಾದಿಂದ ಫೋನ್ ಮಾಡಿದಾಗ ಇಲ್ಲ ಅಂತ ಸುಳ್ಳು ಹೇಳಿದೆ."

ವಿರೂಪಾಕ್ಷಿ ಫೋನು ತೆಗೆದು, "ಇನ್ನೊಮ್ಮೆ ಹೇಳ್ರಿ ಅಣ್ಣಾರ, ಆ ಬೆಳಗಾವಿಯೋರಿಗೆ ಕಳಸ್ತೀನಿ," ಎಂದ. ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟವಾಯಿತು, ಯಾಕೆಂದರೆ ಅವನು, ನಿಮ್ಮ ಕೈ ಸ್ವಲ್ಪ ಮೇಲೆತ್ತಿ, ಮುಖ ಕಾಣುವ ಹಾಗೆ ನಿಲ್ಲಿ ಎಂದ. ರೆಫರಿಯ ಉತ್ತರ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

"ಮಾರ್ತಾನ ಕತ್ತಿ ಬಾಳಿದಿಂಡು ಕಡಿಯೋ ಅಭ್ಯಾಸಕ್ಕ ಬರತೈತಿ ಬಿಡ್ರಿ, ಅದಕ್ಕ ಹರಿತನ ಬೇಕು," ಎಂದು ಒಬ್ಬ ಸಮಾಧಾನಕ್ಕೆ ನಗೆಯಾಡಿದ. ನೀಲಾ ನಗಲಿಲ್ಲ. ನಾನೂ ನಗಲಿಲ್ಲ. ಹೋದದ್ದು ಹೋಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ವಿರೂಪಾಕ್ಷಿ ಮಾತ್ರ ಬೇರೇನೂ ಹೇಳದೆ ತನ್ನ ಕತ್ತಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಬ್ಬನದನ್ನು ತಾನು ತೆಗೆದುಕೊಂಡು, ಮುಖವಾಡ ಹಾಕಿ, "ಬರ್ರಿ ನೀಲಕ್ಕ," ಎಂದು ಎದುರಿಗೆ ನಿಂತ. ಗೋವಾದವರ ಲೆಕ್ಕದಲ್ಲಿ ಅದು ತಪ್ಪೋ ಏನೋ. ನೀಲಾ ಆ ಕತ್ತಿಯ ಅಂಚಿನ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ ನೋಡಿದಳು, ಆಮೇಲೆ ಎರಡೂ ಕೈಯಲ್ಲಿ ಹಿಡಿದಳು. ನಾಲ್ಕು ತಿಂಗಳಿಂದ ಹಿಡಿಯದ ಕೈ, ಮೊದಲ ಏಟು ಅವಳಿಗೇ ಬಿತ್ತು. ಬಿದ್ದ ಮರುಗಳಿಗೆಯಲ್ಲೇ ಕೈ ಎತ್ತಿದಳು. ಎಷ್ಟು ಸುಲಭವಾಗಿ ಎತ್ತಿದಳೆಂದರೆ, ನನಗೆ ನಾಚಿಕೆಯಾಯಿತು.

ಒಂಬತ್ತು ಗಂಟೆಗೆ ಕೂಲಿಯ ಹೆಂಗಸರು ಭತ್ತದ ಚೀಲಗಳ ಪಕ್ಕ ಬಂದು ಕೂತರು. ಭತ್ತ ಹರವುವ ಮೊದಲು ಅಂಗಳವನ್ನು ಗುಡಿಸಿ ಕೊಡಬೇಕು. ನೀಲಾ ಮುಖವಾಡ ತೆಗೆದು ಬೆವರು ಒರೆಸಿಕೊಳ್ಳುತ್ತ ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಪೊರಕೆಯನ್ನು ತಂದು ನನ್ನ ಮುಂದೆ ಹಿಡಿದಳು.

"ತಡ ಮಾಡಿ ಬಂದೋರು ಅಂಗಳ ಗುಡಿಸಬೇಕು ಅಂತ ರೂಲು ಐತಿ ಇಲ್ಲೆ. ಹತ್ತು ನಿಮಿಷ ತಡ ಆದ್ರ ಒಂದು ಸಲ."

"ನಾ ನಾಕು ತಿಂಗಳು ತಡ ಆಗೀನಿ," ಎಂದೆ.

"ಅದಕ್ಕ ದೊಡ್ಡ ಪೊರಕಿ ತಂದೀನಿ, ತಗೋ."

ನಾಲ್ಕು ತಿಂಗಳ ನಂತರ ಅವಳು ನನ್ನ ಕೈಗೆ ಕೊಟ್ಟ ಮೊದಲ ಹತ್ಯಾರ ಅದು. ತೆಗೆದುಕೊಂಡೆ. ಹೆಬ್ಬೆರಳು ಆಡಿಸಲು ಹೋಗಲಿಲ್ಲ. ಈ ತುದಿಯಿಂದ ಗುಡಿಸಲು ಶುರುಮಾಡಿದೆ. ದೊಡ್ಡ ಅಂಗಳ, ಗುಡಿಸುವ ಬಾಕಿ ಇನ್ನೂ ತೀರಿಲ್ಲ; ಈಗ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.